ಎಡಗಡೆಯ ಕ್ಲಾಸ್‌ಗೆ ಮೊದಲ ಸರದಿ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಕ್ಲಾಸ್ (ಆಬ್ಜೆಕ್ಟ್‌ಗಳನ್ನು ರಚಿಸುವ ನಮೂನೆ) ಎರಡು ಮೂಲ ಕ್ಲಾಸ್‌ಗಳಿಂದ ಗುಣಗಳನ್ನು ಪಡೆಯುವಾಗ, ಅದರ ಹೆಸರಿನ ಮುಂದಿನ ಆವರಣದೊಳಗೆ ಯಾವ ಹೆಸರನ್ನು ಮೊದಲು ಬರೆಯುತ್ತೀರಿ ಎಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ.

ಮೊದಲು ‘ಕಡತ’ ಎಂಬ ಕ್ಲಾಸ್ ಬರೆಯಿರಿ. ದತ್ತಾಂಶವನ್ನು ಡಿಸ್ಕ್‌ಗೆ ಬರೆಯುವ ‘ಉಳಿಸು’ ಮೆಥಡ್ (ಕ್ಲಾಸ್‌ನೊಳಗಿನ ಫಂಕ್ಷನ್) ಅದರಲ್ಲಿರಲಿ. (ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು.) ಅದರಿಂದ ‘ಸಂಕೋಚನ’, ‘ಗೂಢಲಿಪಿ’ ಎಂಬ ಎರಡು ಉಪಕ್ಲಾಸ್‌ಗಳನ್ನು ಮಾಡಿ. ಎರಡರಲ್ಲೂ ‘ಉಳಿಸು’ ಇರಬೇಕು: ಒಂದು ದತ್ತಾಂಶವನ್ನು ಕುಗ್ಗಿಸುತ್ತದೆ, ಇನ್ನೊಂದು ಗೂಢಲಿಪಿಗೆ ತಿರುಗಿಸುತ್ತದೆ. ತನ್ನ ಕೆಲಸ ಮುಗಿದೊಡನೆ ಎರಡೂ ‘ಸೂಪರ್’ ಮೂಲಕ ಮುಂದಿನ ‘ಉಳಿಸು’ವನ್ನು ಕರೆಯಲಿ.

ಈಗ ‘ಭದ್ರಕಡತ’ದ ಆವರಣದಲ್ಲಿ ಸಂಕೋಚನ, ಗೂಢಲಿಪಿ ಎಂದು ಇದೇ ಕ್ರಮದಲ್ಲಿ ಬರೆಯಿರಿ. ದತ್ತಾಂಶ ಮೊದಲು ಕುಗ್ಗಿ, ನಂತರ ಗೂಢಲಿಪಿಯಾಗುತ್ತದೆ. ಹೆಸರುಗಳನ್ನು ಅದಲುಬದಲು ಮಾಡಿದರೆ ಗೂಢಲಿಪಿಯಾದದ್ದನ್ನು ಕುಗ್ಗಿಸಲು ಹೊರಡುತ್ತೀರಿ. ಅದರಲ್ಲಿ ಪುನರಾವರ್ತನೆಯೇ ಉಳಿದಿರುವುದಿಲ್ಲವಾದ್ದರಿಂದ ಕಡತದ ಗಾತ್ರ ಇಳಿಯುವುದಿಲ್ಲ. ದೋಷಸಂದೇಶವೂ ಬಾರದು, ಈ ತಪ್ಪನ್ನು ಹುಡುಕುವುದು ಕಷ್ಟವಾಗುವುದು ಅದಕ್ಕೇ.

ಸಂಕೋಚನ ಹುಟ್ಟಿದ್ದು ಕಡತದಿಂದ. ಆದರೂ ಇಲ್ಲಿ ಅದರ ‘ಸೂಪರ್’ ತಲುಪುವುದು ಗೂಢಲಿಪಿಯನ್ನು. ಏಕೆಂದರೆ ‘ಸೂಪರ್’ ಹುಡುಕುವುದು ಆಬ್ಜೆಕ್ಟ್‌ನ ಕ್ಲಾಸ್‌ಗೆ ಸಿದ್ಧವಾದ ಸಾಲಿನಲ್ಲಿ ಮುಂದೆ ನಿಂತವರನ್ನು. ಆ ಸಾಲನ್ನು ಕಾಣಲು ಭದ್ರಕಡತದ ‘ಎಂಆರ್‌ಒ’ (ಮೆಥಡ್‌ಗಳನ್ನು ಹುಡುಕುವ ಕ್ರಮ) ಮೆಥಡ್ ಕರೆದು ಮುದ್ರಿಸಿ: ಭದ್ರಕಡತ, ಸಂಕೋಚನ, ಗೂಢಲಿಪಿ, ಕಡತ, ಕೊನೆಗೆ ಎಲ್ಲ ಕ್ಲಾಸ್‌ಗಳಿಗೂ ಮೂಲವಾದ ‘ಆಬ್ಜೆಕ್ಟ್’ ಕ್ಲಾಸ್. ‘ಸೂಪರ್’ ಬಿಟ್ಟು ಕಡತದ ‘ಉಳಿಸು’ವನ್ನು ಹೆಸರು ಹಿಡಿದು ಕರೆದರೆ ಗೂಢಲಿಪಿಯ ಸರದಿ ತಪ್ಪಿಹೋಗುತ್ತದೆ, ಗುಟ್ಟಾಗಿರಬೇಕಾದ ದತ್ತಾಂಶ ಯಾರಾದರೂ ಬಿಚ್ಚಿ ಓದಬಹುದಾದ ರೂಪದಲ್ಲೇ ಡಿಸ್ಕ್ ಸೇರುತ್ತದೆ.

ಸಾಲು ಕಟ್ಟುವ ವಿಧಾನಕ್ಕೆ ಸಿ3 ಎಂದು ಹೆಸರು. 1996ರಲ್ಲಿ ಡಿಲನ್ ಭಾಷೆಗಾಗಿ ಪ್ರಕಟವಾದ ಇದನ್ನು ಪೈಥಾನ್ 2.3 ಅಳವಡಿಸಿಕೊಂಡಿತು. ಉಪಕ್ಲಾಸ್ ತನ್ನ ಮೂಲ ಕ್ಲಾಸ್‌ಗಿಂತ ಮುಂದಿರಬೇಕು, ಎಡದಿಂದ ಬಲಕ್ಕೆ ಬರೆದ ಕ್ರಮ ಕೆಡಬಾರದು ಎಂಬುವು ಅದರ ಮುಖ್ಯ ಷರತ್ತುಗಳು. ಆವರಣದಲ್ಲಿ ಕಡತ, ಸಂಕೋಚನ ಎಂದು ಬರೆದು ನೋಡಿ: ಎರಡು ಷರತ್ತುಗಳೂ ಒಟ್ಟಿಗೆ ನಿಲ್ಲಲಾರವು, ಪೈಥಾನ್ ಕ್ಲಾಸ್ ರಚನೆಯ ಹಂತದಲ್ಲೇ ಟೈಪ್‌ಎರರ್ ಕೊಡುತ್ತದೆ.

ಸಂಕೋಚನವು ಕಡತದಿಂದ ಹುಟ್ಟದ ಸ್ವತಂತ್ರ ಮಿಕ್ಸಿನ್ (ಬೇರೆ ಕ್ಲಾಸ್‌ಗೆ ಬೆರೆಸಲೆಂದೇ ಬರೆದ ಸಣ್ಣ ಕ್ಲಾಸ್) ಆಗಿದ್ದು, ಇದೇ ಕ್ರಮದಲ್ಲಿ ಬರೆದರೆ ಈ ರಕ್ಷಣೆಯೂ ಇಲ್ಲ. ಕಡತದ ‘ಉಳಿಸು’ ಅಲ್ಲಿಗೇ ಕೆಲಸ ಮುಗಿಸಿಬಿಡುತ್ತದೆ, ಮಿಕ್ಸಿನ್‌ಗೆ ಕರೆ ಹೋಗುವುದೇ ಇಲ್ಲ. ಹಾಗಾಗಿ ಮಿಕ್ಸಿನ್‌ಗಳನ್ನು ಯಾವಾಗಲೂ ಎಡಕ್ಕೆ, ಮುಖ್ಯ ಕ್ಲಾಸನ್ನು ಬಲತುದಿಗೆ ಬರೆಯಿರಿ.

ಸ್ಕಾಲಾ ಭಾಷೆಗೆ ಹೋದಾಗ ಮಾತ್ರ ದಿಕ್ಕು ಬದಲಿಸಿಕೊಳ್ಳಿ. ಅಲ್ಲಿ ಬಲತುದಿಯ ಟ್ರೇಟ್‌ಗೇ (ಮಿಕ್ಸಿನ್‌ನಂತೆ ಬೆರೆಸುವ ಘಟಕಕ್ಕೇ) ಮೊದಲ ಸರದಿ.