ಯಾರ್ಕ್‌ನಲ್ಲಿ ಬೆಳಕಿಗೆ ಕಾಯುವುದು: ಹೊಸದಾಗಿ ಬಂದವರಿಗೆ

ಇಂಗ್ಲೆಂಡಿನ ಯಾರ್ಕ್‌ಗೆ ಹೊಸದಾಗಿ ಬಂದ ನಮ್ಮವರು ಮೊದಲ ಶನಿವಾರವೇ ಇಲ್ಲಿನ ದೊಡ್ಡ ಚರ್ಚು ಮಿನ್‌ಸ್ಟರ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಡುಮಧ್ಯಾಹ್ನ, ಹಿಂದೆ ನೂರು ಜನ, ಗೋಪುರದ ತುದಿ ಫೋಟೋದಲ್ಲಿ ಇಲ್ಲ. ಅದನ್ನು ಊರಿಗೆ ಕಳಿಸಿದರೆ ಮುಗಿಯಿತು, ಮತ್ತೆ ಕ್ಯಾಮೆರಾ ಹೊರಗೆ ಬರುವುದು ಅಪ್ಪ-ಅಮ್ಮ ಇಲ್ಲಿಗೆ ಬಂದಾಗಲೇ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದಿನಕ್ಕೆ ಬಂದ ಪ್ರವಾಸಿಗೆ ಸಿಕ್ಕ ಬೆಳಕೇ ಗತಿ. ನೀವು ಇಲ್ಲೇ ಇರುವವರು, ಬೇಕಾದ ಬೆಳಕು ಬರುವ ತನಕ ಕಾಯಬಹುದು.

ಮೊದಲು ಇಲ್ಲಿನ ಸೂರ್ಯನ ಲೆಕ್ಕ ತಿಳಿದುಕೊಳ್ಳಿ. ಯಾರ್ಕ್ ಇರುವುದು ಸುಮಾರು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನಿನಲ್ಲಿ ನಸುಕಿನ 4.30ಕ್ಕೆ ಹುಟ್ಟಿದ ಸೂರ್ಯ ರಾತ್ರಿ 9.40ರವರೆಗೆ ಇರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟುವುದೇ 8.20ರ ಸುಮಾರಿಗೆ, ಮಧ್ಯಾಹ್ನ 3.40ಕ್ಕೆಲ್ಲ ಮುಳುಗಿರುತ್ತಾನೆ. ಮೊದಲ ಚಳಿಗಾಲ ನಾನು ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರುತ್ತಿದ್ದೆ. ಮೂರು ತಿಂಗಳು ಒಂದೂ ಫೋಟೋ ಇಲ್ಲ. ಆಮೇಲೆ ಅರ್ಥವಾಯಿತು, ರಜೆಯ ದಿನ ಎಂಟು ಗಂಟೆಗೆ ಎದ್ದವರಿಗೂ ಸೂರ್ಯೋದಯ ಸಿಗುವುದು ಈ ಕಾಲದಲ್ಲಿ ಮಾತ್ರ ಎಂದು. ಅದೂ ಅಲ್ಲದೆ ಚಳಿಗಾಲದ ಬಿಸಿಲು ನೆತ್ತಿಗೇರುವುದೇ ಇಲ್ಲ. ಹನ್ನೆರಡು ಗಂಟೆಗೂ ನಮ್ಮ ಊರಿನ ಸಂಜೆ ಐದರ ಬಿಸಿಲಿನ ಹಾಗೆ ಓರೆಯಾಗಿ ಬೀಳುತ್ತದೆ. ಮೋಡ ಸರಿದ ಅರ್ಧ ಗಂಟೆ ಸಿಕ್ಕರೂ ಸಾಕು, ಹೊರಡಿ.

ಹೋಗಬೇಕಾದ ಮೊದಲ ಜಾಗ ಕೋಟೆಗೋಡೆ. ಮೂರೂ ಚಿಲ್ಲರೆ ಕಿಲೋಮೀಟರ್ ಉದ್ದ ಉಳಿದಿದೆ, ಹತ್ತಲು ದುಡ್ಡಿಲ್ಲ. ಬೆಳಗ್ಗೆ ಬಾಗಿಲು ತೆರೆದು ಕತ್ತಲಾಗುವ ಹೊತ್ತಿಗೆ ಮುಚ್ಚುತ್ತಾರೆ, ಹಿಮ ಬಿದ್ದ ದಿನ ತೆರೆಯದೆಯೂ ಇರಬಹುದು. ಕೆಲವು ಕಡೆ ಒಳಬದಿಗೆ ಕಂಬಿ ಇಲ್ಲ, ಆದ್ದರಿಂದ ಮಕ್ಕಳ ಕೈ ಹಿಡಿದುಕೊಂಡೇ ನಡೆಯಿರಿ. ರೈಲು ನಿಲ್ದಾಣದ ಎದುರು ಗೋಡೆ ಹತ್ತಿ ಲೆಂಡಲ್ ಸೇತುವೆಯ ಕಡೆಗೆ ಬಂದರೆ ಮಿನ್‌ಸ್ಟರ್‌ನ ಪಡುವಣ ಗೋಪುರಗಳು ನೇರ ಕಣ್ಣೆದುರಿಗೆ. ಕಟ್ಟಡದ ಕಲ್ಲು ಟ್ಯಾಡ್‌ಕಾಸ್ಟರ್ ಕಡೆಯ ಸುಣ್ಣದ ಕಲ್ಲು. ಮೋಡದ ದಿನ ಬೂದಿಯ ಹಾಗೆ ಸಪ್ಪೆ. ಸಂಜೆ ನಿಮ್ಮ ಬೆನ್ನಿಗೆ ಹೊಂಬಿಸಿಲು ಬಂದಾಗ ಅದೇ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಗೋಡೆಯ ಇಳಿಜಾರಿನ ತುಂಬ ಹಳದಿ ಡ್ಯಾಫೊಡಿಲ್ ಹೂವು. ವರ್ಷವಿಡೀ ಅದೇ ಒಂದು ಜಾಗದಲ್ಲಿ ನಿಂತು ತಿಂಗಳಿಗೊಂದು ಫೋಟೋ ತೆಗೆಯಿರಿ. ನನ್ನ ಹತ್ತಿರ ಇರುವುದರಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡುವುದು ಆ ಹನ್ನೆರಡನ್ನೇ.

ಎಲ್ಲರೂ ಸೋಲುವ ಜಾಗ ಶ್ಯಾಂಬಲ್ಸ್. ಹಿಂದೆ ಕಟುಕರ ಬೀದಿ. ಮರದ ಮನೆಗಳ ಮೇಲಿನ ಅಂತಸ್ತುಗಳು ಬೀದಿಯ ಮೇಲೆ ಬಾಗಿಕೊಂಡಿವೆ. ಮಾಂಸಕ್ಕೆ ಬಿಸಿಲು ತಾಗದಂತೆ ನೆರಳಾಗುತ್ತಿದ್ದುದೇ ಆ ಬಾಗಿನ ಉಪಯೋಗ. ಅಲ್ಲಿ ಕ್ಯಾಮೆರಾ ಸೋಲುವುದೂ ಅದರಿಂದಲೇ: ಕೆಳಗೆ ಗವ್ವೆನ್ನುವ ನೆರಳು, ಮೇಲೆ ಬೆಳ್ಳಗಿನ ಆಕಾಶದ ಒಂದು ಪಟ್ಟಿ. ಮೊಬೈಲ್ ಆಗಿದ್ದರೆ ಪರದೆಯ ಮೇಲೆ ಆಕಾಶದ ಹತ್ತಿರ ಬೆರಳಿಟ್ಟು ಬೆಳಕು ಇಳಿಸಿ. ನೆರಳನ್ನು ಆಮೇಲೆ ತಿಳಿಯಾಗಿಸಬಹುದು, ಬೆಳ್ಳಗೆ ಸುಟ್ಟುಹೋದ ಆಕಾಶ ಮತ್ತೆ ಬರುವುದಿಲ್ಲ. ಬಿಸಿಲಿಗಿಂತ ಮೋಡದ ದಿನ ಒಳ್ಳೆಯದು, ಅದಕ್ಕಿಂತಲೂ ಮಳೆ ನಿಂತ ಮೇಲಿನ ಹತ್ತು ನಿಮಿಷ. ನೆಲದ ಕಲ್ಲುಗಳು ಮಿಂಚುತ್ತಾ ಅಂಗಡಿ ದೀಪಗಳನ್ನು ಕಾಲಬುಡಕ್ಕೇ ತಂದಿಡುತ್ತವೆ. ಕೆಲವು ಅಂಗಡಿಗಳ ಮುಂದೆ ಮಾಂಸ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು, ಕಿಟಕಿಯ ಕೆಳಗೆ ಮಾಂಸ ಇಡುತ್ತಿದ್ದ ಅಗಲ ಹಲಗೆ ಈಗಲೂ ಇವೆ. ಇಡೀ ಬೀದಿಯನ್ನು ಬಿಟ್ಟು ಆ ಕೊಕ್ಕೆಯ ಹತ್ತಿರ ಹೋಗಿ ಒಂದು ತೆಗೆಯಿರಿ, ಮಳೆಹನಿ ತುದಿಯಲ್ಲಿ ಜೋತಾಡುತ್ತಿರುವಾಗ. ಸೀರೆಯುಟ್ಟು ಬೀದಿಯ ನಡುವೆ ನಿಲ್ಲುವ ಆಸೆಯಿದ್ದರೆ ಬೆಳಗ್ಗೆ ಒಂಬತ್ತರೊಳಗೆ ಹೋಗಿ. ಹನ್ನೊಂದಾದರೆ ಕಾಲಿಡಲು ಜಾಗವಿರುವುದಿಲ್ಲ.

ಮಿನ್‌ಸ್ಟರ್ ಒಳಗೆ ಟಿಕೆಟ್ ಇದೆ. ಪೂರ್ವದ ದೊಡ್ಡ ಗಾಜಿನ ಕಿಟಕಿ 1405ರಿಂದ 1408ರ ನಡುವೆ ಆದ ಕೆಲಸ, ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ನನಗೆ ಹೆಚ್ಚು ಇಷ್ಟವಾದದ್ದು ಉತ್ತರ ಬದಿಯ ‘ಫೈವ್ ಸಿಸ್ಟರ್ಸ್’. ಸಾಲಾಗಿ ಐದು ನೀಳ ಕಿಟಕಿಗಳು, ಬೂದು-ಹಸಿರು ಗಾಜು. ನೇರ ಬಿಸಿಲು ಬೀಳದ ದಿಕ್ಕಾದ್ದರಿಂದ ಬೆಳಕು ಹಗಲಿಡೀ ಮೆತ್ತಗಿರುತ್ತದೆ. ಮೊದಲ ಮಹಾಯುದ್ಧದಲ್ಲಿ ಪ್ರಾಣ ತೆತ್ತ ಮಹಿಳೆಯರ ಸ್ಮಾರಕವೂ ಅದೇ. ಪ್ರಾರ್ಥನೆ ನಡೆಯುವಾಗ ಮೊಬೈಲ್ ಜೇಬಿನಲ್ಲಿರಲಿ, ನಮ್ಮ ಗರ್ಭಗುಡಿಯ ಮುಂದೆ ಹೇಗೋ ಹಾಗೆ.

ಕ್ಲಿಫರ್ಡ್ಸ್ ಟವರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹಸಿರು ದಿಬ್ಬ, ಮೇಲೆ ನಾಲ್ಕು ಎಸಳಿನ ಹೂವಿನಾಕಾರದ ಕಲ್ಲಿನ ಬುರುಜು, ಮೆಟ್ಟಿಲ ಮೇಲೆ ಎಲ್ಲರೂ ನಗುತ್ತ ನಿಲ್ಲುತ್ತಾರೆ. ಈಗಿನ ಬುರುಜು 13ನೇ ಶತಮಾನದ್ದು. ಅದಕ್ಕೂ ಮುಂಚೆ ಅಲ್ಲಿದ್ದ ಮರದ ಗೋಪುರದಲ್ಲಿ 1190ರ ಮಾರ್ಚ್‌ನಲ್ಲಿ, ಕೊಲ್ಲಲು ಬಂದ ಗುಂಪಿನಿಂದ ತಪ್ಪಿಸಿಕೊಂಡು ಆಶ್ರಯ ಪಡೆದಿದ್ದ ಸುಮಾರು 150 ಯಹೂದಿಗಳು ಸತ್ತರು. ದಿಬ್ಬದ ಬುಡದಲ್ಲಿ ಸ್ಮರಣೆಯ ಫಲಕವಿದೆ. ಮೊದಲು ಅದನ್ನು ಓದಿ, ಮಕ್ಕಳಿಗೂ ಓದಿಸಿ, ಆಮೇಲೆ ಮೇಲೆ ಹತ್ತಿ.

ಬೀದಿಯಲ್ಲಿ ಫೋಟೋ ತೆಗೆಯಲು ಇಲ್ಲಿ ಯಾರ ಅನುಮತಿಯೂ ಬೇಕಿಲ್ಲ. ಆದರೂ ಪರರ ಮಕ್ಕಳ ಕಡೆ ಕ್ಯಾಮೆರಾ ತಿರುಗಿಸಬೇಡಿ, ಹಾಡುವವರ ಫೋಟೋ ತೆಗೆದರೆ ಮುಂದಿಟ್ಟ ಡಬ್ಬಿಗೆ ಒಂದು ಪೌಂಡ್ ಹಾಕಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮೊಬೈಲ್ ಒಳಜೇಬಿನಲ್ಲಿರಲಿ. ಲೆನ್ಸ್ ಒರೆಸಲು ಹಳೆಯ ಪಂಚೆಯ ತುಂಡಿಗಿಂತ ಮೆತ್ತನೆಯದು ನನಗೆ ಸಿಕ್ಕಿಲ್ಲ.

ಮಳೆ ಜೋರಾದ ವಾರಗಳಲ್ಲಿ ಊಸ್ ನದಿ ಉಕ್ಕಿ ದಂಡೆಯ ಕಿಂಗ್ಸ್ ಆರ್ಮ್ಸ್ ಪಬ್ಬಿಗೆ ನೀರು ನುಗ್ಗುತ್ತದೆ. 2000ದ ನವೆಂಬರ್‌ನಲ್ಲಿ ಸಾಮಾನ್ಯ ಮಟ್ಟಕ್ಕಿಂತ 5.4 ಮೀಟರ್ ಏರಿತ್ತು. ಅದನ್ನು ಸೇತುವೆಯ ಮೇಲಿನಿಂದಲೇ ತೆಗೆಯಿರಿ, ನೀರಿಗೆ ಇಳಿಯಬೇಡಿ. ಊರಾಚೆ ಹೋಗುವುದಾದರೆ ಮೊದಲು ನೇರ್ಸ್‌ಬರೋ. ರೈಲಿನಲ್ಲಿ ಅರ್ಧ ಗಂಟೆ. ಪಾಳು ಕೋಟೆಯ ಅಂಚಿಗೆ ಬಂದರೆ ಕೆಳಗೆ ನಿಡ್ ನದಿ, ಅದರ ಮೇಲೆ 1851ರ ರೈಲ್ವೆ ಸೇತುವೆ. ವೇಳಾಪಟ್ಟಿ ನೋಡಿಕೊಂಡು ಕಾದರೆ ಕಮಾನಿನ ಮೇಲೆ ರೈಲೂ ಸಿಗುತ್ತದೆ.

ಊರಿಗೆ ಕಳಿಸುವಾಗ ಫೋಟೋದ ಕೆಳಗೆ ತಿಂಗಳು, ಗಂಟೆ ಬರೆಯಿರಿ. ಮಧ್ಯಾಹ್ನ ಕಾಫಿ ಹೊತ್ತಿಗೇ ಇಲ್ಲಿ ರಾತ್ರಿ ಎಂದರೆ ನಮ್ಮಮ್ಮ ನಂಬಿರಲಿಲ್ಲ. ಕೋನಿ ಬೀದಿಯಲ್ಲಿ, 1942ರ ಬಾಂಬ್ ದಾಳಿಯಲ್ಲಿ ಸುಟ್ಟ ಸೇಂಟ್ ಮಾರ್ಟಿನ್ ಚರ್ಚಿನ ಗೋಡೆಯಿಂದ ಬೀದಿಯ ಮೇಲಕ್ಕೆ ಚಾಚಿಕೊಂಡ ದೊಡ್ಡ ಗಡಿಯಾರವಿದೆ, ತಲೆಯ ಮೇಲೆ ಪುಟ್ಟ ನೌಕಾಧಿಕಾರಿಯ ಗೊಂಬೆ. ಡಿಸೆಂಬರ್‌ನ ಒಂದು ದಿನ ಅದರ ಕೆಳಗೆ ನಿಂತು ಮುಳ್ಳು ಕಾಣುವ ಹಾಗೆ ತೆಗೆದು ಕಳಿಸಿದೆ. ಗಂಟೆ ನಾಲ್ಕೂವರೆ, ಹಿಂದೆ ಕಪ್ಪು ಆಕಾಶ. ತಕ್ಷಣ ಫೋನ್ ಬಂತು: “ಅಯ್ಯೋ, ಹೌದಲ್ಲೇ! ಮನೆಗೆ ಹೋಗು ಬೇಗ, ಕತ್ತಲಾಗಿದೆ.”