ರೆವೆಲ್‌ಸ್ಟೋಕ್ ಬೆಟ್ಟಗಳಲ್ಲಿ ಸ್ನೋಮೊಬೈಲ್: ಪ್ರವೇಶದ ನಿಯಮ, ಹಿಮದ ಸ್ಥಿತಿ, ಹಿಮಕುಸಿತದ ಎಚ್ಚರ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ರೆವೆಲ್‌ಸ್ಟೋಕ್ ಪಟ್ಟಣವು ಸೆಲ್ಕರ್ಕ್ ಮತ್ತು ಮೊನಾಶಿ ಪರ್ವತಶ್ರೇಣಿಗಳ ನಡುವೆ, ಕೊಲಂಬಿಯಾ ನದಿಯ ದಡದಲ್ಲಿದೆ. ಅದರ ಸಮೀಪದ ಮೌಂಟ್ ಕೋಪ್‌ಲ್ಯಾಂಡ್‌ನಲ್ಲಿ 1971–72ರ ಒಂದೇ ಚಳಿಗಾಲದಲ್ಲಿ 24 ಮೀಟರಿಗೂ ಹೆಚ್ಚು ಹಿಮ ಸುರಿದದ್ದು ಆ ದೇಶದ ದಾಖಲೆಯಾಗಿದೆ. ಕ್ಯಾಲ್ಗರಿ ನಗರದಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿರುವ ಈ ಊರಿಗೆ ಆ ನಗರದಲ್ಲಿ ನೆಲೆಸಿರುವ ಕನ್ನಡಿಗರೂ ವಾರಾಂತ್ಯದಲ್ಲಿ ಹೋಗಿಬರಬಹುದು. ಯಂತ್ರದಿಂದ ಸಮತಟ್ಟು ಮಾಡಿದ ದಾರಿಯಲ್ಲಿ ಒಂದೆರಡು ಬಾರಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಎಂಜಿನ್ ವಾಹನ) ಓಡಿಸಿ, ಇನ್ನು ಆ ದಾರಿಯನ್ನು ಬಿಟ್ಟು ಬೆಟ್ಟದ ಬಯಲಿಗೆ ಇಳಿಯಬೇಕೆಂದು ಯೋಚಿಸುತ್ತಿರುವವರನ್ನು ಗಮನದಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಮೊದಲಿಗೆ ಯಂತ್ರದ ಸ್ವಭಾವವನ್ನು ಅರಿಯಬೇಕು. ಬೆಟ್ಟಕ್ಕೆಂದೇ ತಯಾರಾಗುವ ಸ್ನೋಮೊಬೈಲ್ 200 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ, ಮತ್ತು ಅಡಿಯಲ್ಲಿ ಸುತ್ತುವ ಉದ್ದನೆಯ ಪಟ್ಟಿಯ ಬಲದಿಂದ ಸೊಂಟದುದ್ದದ ಹಿಮದಲ್ಲಿಯೂ ಮೇಲೇರುತ್ತದೆ. ಸ್ಕೀ ಕಟ್ಟಿಕೊಂಡು ನಡೆಯುವವನು ಗಂಟೆಗಟ್ಟಲೆ ಏರುವ ಇಳಿಜಾರನ್ನು ಅದು ಕೆಲವೇ ನಿಮಿಷಗಳಲ್ಲಿ ಹತ್ತಿ ಮುಗಿಸುತ್ತದೆ. ನಡೆಯುವವನಿಗೆ ಹೆಜ್ಜೆಹೆಜ್ಜೆಗೂ ಕಾಲಡಿಯ ಹಿಮ ಏನನ್ನಾದರೂ ತಿಳಿಸುತ್ತಿರುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಮುಳುಗಿರುವ ಸವಾರನಿಗೆ ಆ ಅವಕಾಶವಿಲ್ಲ. ಆದ್ದರಿಂದ ಎಲ್ಲಿಗೆ ಹೋಗಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲಿಗೆ ಹೋಗಬಾರದು ಎಂಬುದನ್ನು ವಾಹನ ನಿಲ್ಲಿಸುವ ಜಾಗದಲ್ಲಿಯೇ, ಎಂಜಿನ್ ಆರಂಭಿಸುವ ಮುನ್ನವೇ ತೀರ್ಮಾನಿಸಿಕೊಳ್ಳಬೇಕು.

ಬ್ರಿಟಿಷ್ ಕೊಲಂಬಿಯಾದ ನೆಲದ ಸುಮಾರು 94 ಪ್ರತಿಶತ ಸರ್ಕಾರಿ ಭೂಮಿಯಾಗಿದ್ದು, ಅದರ ಬಹುಭಾಗದಲ್ಲಿ ಸಾರ್ವಜನಿಕರು ಓಡಾಡಬಹುದು. ಆದರೆ ಅದಕ್ಕೆ ಷರತ್ತುಗಳಿವೆ. 2015ರ ನವೆಂಬರ್ 1ರಿಂದ ಸರ್ಕಾರಿ ಭೂಮಿಯಲ್ಲಿ ಓಡಿಸುವ ಸ್ನೋಮೊಬೈಲಿಗೆ ನೋಂದಣಿ ಕಡ್ಡಾಯವಾಗಿದೆ. ಹೆಲ್ಮೆಟ್ ಕೂಡ ಕಡ್ಡಾಯ. ಬಾಡಿಗೆಗೆ ಪಡೆಯುವವರು ನೋಂದಣಿ ಪತ್ರವನ್ನೂ ವಿಮೆಯ ವಿವರವನ್ನೂ ಕೇಳಿ ನೋಡಿಕೊಳ್ಳಬೇಕು. ಪಟ್ಟಣದ ಪಶ್ಚಿಮಕ್ಕಿರುವ ಬೋಲ್ಡರ್ ಮೌಂಟನ್ ಮತ್ತು ಫ್ರಿಸ್ಬಿ ರಿಡ್ಜ್ ದಾರಿಗಳನ್ನು ರೆವೆಲ್‌ಸ್ಟೋಕ್ ಸ್ನೋಮೊಬೈಲ್ ಕ್ಲಬ್ ನಿರ್ವಹಿಸುತ್ತದೆ ಮತ್ತು ಬಳಕೆದಾರರಿಂದ ದಾರಿಶುಲ್ಕ ಪಡೆಯುತ್ತದೆ. ಸಾರ್ವಜನಿಕ ಭೂಮಿಗೆ ಶುಲ್ಕವೇಕೆ ಎಂದು ಕೆಲವರು ಗೊಣಗುವುದುಂಟು. ಆದರೆ ದಾರಿಯನ್ನು ಸಮತಟ್ಟು ಮಾಡುವ ಯಂತ್ರದ ಇಂಧನಕ್ಕೂ ಬೆಟ್ಟದ ಮೇಲಿನ ತಂಗುಮನೆಯ ದುರಸ್ತಿಗೂ ಹಣ ಬೇಕಾಗುತ್ತದೆ. ಆ ಶುಲ್ಕದಿಂದ ಸವಾರನಿಗೆ ಸಿಗುವುದು ಓಡಿಸಲು ಯೋಗ್ಯವಾದ ದಾರಿ ಮಾತ್ರ. ಹಿಮಕುಸಿತದಿಂದ ರಕ್ಷಣೆ ಅದರಲ್ಲಿ ಸೇರಿಲ್ಲ.

ಮೌಂಟ್ ರೆವೆಲ್‌ಸ್ಟೋಕ್ ಮತ್ತು ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಗಳೊಳಗೆ ಮನರಂಜನೆಗಾಗಿ ಸ್ನೋಮೊಬೈಲ್ ಓಡಿಸುವಂತಿಲ್ಲ. ಗೊಂದಲ ಹುಟ್ಟುವುದು ಅವುಗಳ ಹೊರಗೆ, ಕ್ಯಾರಿಬೂಗಳಿಗಾಗಿ ಮುಚ್ಚಿರುವ ಪ್ರದೇಶಗಳ ವಿಷಯದಲ್ಲಿ. ಅಳಿವಿನಂಚಿನಲ್ಲಿರುವ ಈ ಪರ್ವತ ಜಿಂಕೆಗಳು ಚಳಿಗಾಲದಲ್ಲಿ ಎತ್ತರದ ಕಾಡಿನ ಮರಗಳಿಗೆ ಜೋತುಬಿದ್ದ ಕಲ್ಲುಹೂವನ್ನು ತಿಂದು ಬದುಕುತ್ತವೆ. ಆಳವಾದ ಮೆದು ಹಿಮವು ತೋಳಗಳನ್ನು ಅವುಗಳಿಂದ ದೂರವಿಡುತ್ತದೆ. ಸ್ನೋಮೊಬೈಲ್ ಹಿಮವನ್ನು ತುಳಿದು ಗಟ್ಟಿಮಾಡಿದರೆ ಅದೇ ತೋಳಗಳಿಗೆ ಸುಗಮವಾದ ದಾರಿಯಾಗುತ್ತದೆ. ಫ್ರಿಸ್ಬಿ ರಿಡ್ಜ್‌ನಂಥ ಕಡೆ ಮುಕ್ತ ಪ್ರದೇಶ ಮತ್ತು ಮುಚ್ಚಿದ ಪ್ರದೇಶ ಒಂದಕ್ಕೊಂದು ತಾಗಿಕೊಂಡಿರುವುದರಿಂದ, ಮಂಜು ಮುಸುಕಿದ ದಿನ ಗಡಿಯ ಫಲಕವನ್ನು ಹುಡುಕುತ್ತ ಹೋಗುವುದಕ್ಕಿಂತ ಆ ವರ್ಷದ ಗಡಿನಕ್ಷೆಯನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಕೊಂಡು, ನೆಟ್‌ವರ್ಕ್ ಇಲ್ಲದಿದ್ದರೂ ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹೆಲಿಕಾಪ್ಟರಿನಿಂದ ಗಸ್ತು ನಡೆಯುತ್ತದೆ, ದಂಡವೂ ಬೀಳುತ್ತದೆ. ಒಂದಿಬ್ಬರ ಅತಿಕ್ರಮಣದಿಂದ ಇಡೀ ಬೆಟ್ಟವೇ ಎಲ್ಲ ಸವಾರರಿಗೂ ಮುಚ್ಚಿಹೋಗುವ ಸಾಧ್ಯತೆಯೂ ಇದೆ.

ಪ್ರವೇಶದ ಪ್ರಶ್ನೆ ಬಗೆಹರಿದ ಮೇಲೆ ಹಿಮದ ಸ್ಥಿತಿಯನ್ನು ವಿಚಾರಿಸಬೇಕು. ರೆವೆಲ್‌ಸ್ಟೋಕ್‌ನಲ್ಲಿಯೇ ಕಚೇರಿಯಿರುವ ಅವಲಾಂಚ್ ಕೆನಡಾ ಸಂಸ್ಥೆಯು ಚಳಿಗಾಲದುದ್ದಕ್ಕೂ ಪ್ರತಿದಿನ ಮುನ್ಸೂಚನೆ ಪ್ರಕಟಿಸುತ್ತದೆ. ಮರಗಳು ಬೆಳೆಯುವ ಮಿತಿಗಿಂತ ಕೆಳಗೆ, ಆ ಮಿತಿಯ ಆಸುಪಾಸಿನಲ್ಲಿ, ಅದರ ಮೇಲಿನ ಬೋಳು ಬೆಟ್ಟದಲ್ಲಿ ಎಂದು ಮೂರು ಎತ್ತರಗಳಿಗೆ ಪ್ರತ್ಯೇಕವಾಗಿ, 1ರಿಂದ 5ರವರೆಗಿನ ಅಪಾಯದ ಮಟ್ಟವನ್ನು ಅದು ತಿಳಿಸುತ್ತದೆ. ಇವುಗಳಲ್ಲಿ ಹೆಚ್ಚು ಅಪಾರ್ಥಕ್ಕೆ ಒಳಗಾಗುವುದು 3ನೆಯ ಮಟ್ಟ. ಐದರಲ್ಲಿ ಮೂರು ಎಂದರೆ ನಡುವಿನದು, ಹೇಗೋ ನಿಭಾಯಿಸಬಹುದು ಎಂದು ಭಾವಿಸುವವರು ಬಹಳ. ವಾಸ್ತವವಾಗಿ ಒಬ್ಬ ಸವಾರನ ಭಾರಕ್ಕೇ ಹಿಮ ಕುಸಿಯುವ ಸಂಭವ ಹೆಚ್ಚಿರುವ ದಿನವದು, ಮತ್ತು ಸಾವುಗಳಲ್ಲಿ ದೊಡ್ಡ ಪಾಲು ಇಂಥ ದಿನಗಳಲ್ಲಿಯೇ ಸಂಭವಿಸುತ್ತದೆ. ಅಂಕಿಯನ್ನಷ್ಟೇ ನೋಡಿ ಪುಟ ಮುಚ್ಚದೆ, ಅದರ ಕೆಳಗಿರುವ ‘ಹಿಮಕುಸಿತದ ಸಮಸ್ಯೆಗಳು’ ಎಂಬ ಭಾಗವನ್ನು ಓದಬೇಕು. ಗಾಳಿ ತಂದು ಒಟ್ಟಿದ ಹಿಮವೇ, ಹೊಸ ಹಿಮವೇ, ಹಳೆಯ ದುರ್ಬಲ ಪದರವೇ ಎಂಬುದರ ಮೇಲೆ ಅಂದು ಯಾವ ದಿಕ್ಕಿನ ಇಳಿಜಾರನ್ನು ಬಿಡಬೇಕೆಂಬುದು ನಿರ್ಧಾರವಾಗುತ್ತದೆ.

ಸೆಲ್ಕರ್ಕ್, ಮೊನಾಶಿ ಶ್ರೇಣಿಗಳು ಸೇರಿದ ಕೊಲಂಬಿಯಾ ಪರ್ವತಗಳಲ್ಲಿ ಹೆಚ್ಚು ಕಾಡುವುದು ಆ ಹಳೆಯ ದುರ್ಬಲ ಪದರವೇ. ಮೋಡವಿಲ್ಲದ ತಣ್ಣನೆಯ ರಾತ್ರಿಗಳಲ್ಲಿ ಹಿಮದ ಮೇಲ್ಮೈಯಲ್ಲಿ ಗರಿಯಂಥ ಹರಳುಗಳು ಬೆಳೆಯುತ್ತವೆ. ಬಿಸಿಲಿಗೆ ಹೊಳೆಯುವಾಗ ಅವು ಬಹಳ ಸುಂದರವಾಗಿ ಕಾಣುತ್ತವೆ. ಆದರೆ ಮುಂದಿನ ಬಿರುಗಾಳಿ ಅವುಗಳ ಮೇಲೆ ಒಂದು ಮೀಟರ್ ಹಿಮವನ್ನು ಹೊದಿಸಿತೆಂದರೆ, ರಾಗಿ ಕಾಳು ಚೆಲ್ಲಿದ ನೆಲದ ಮೇಲೆ ಹಲಗೆಯಿಟ್ಟಂತಾಗುತ್ತದೆ. ಈ ಪದರ ಕೆಲವೊಮ್ಮೆ ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ. ನಿನ್ನೆ ಹತ್ತು ಜನ ಹತ್ತಿಳಿದ ಇಳಿಜಾರು ಇಂದು ಹನ್ನೊಂದನೆಯವನಿಗೆ ಕುಸಿಯಬಹುದಾದ್ದರಿಂದ, ಹಿಂದಿನ ಯಂತ್ರಗಳು ಓಡಿದ ಗುರುತನ್ನು ಸುರಕ್ಷತೆಯ ಸಾಕ್ಷಿಯೆಂದು ಎಣಿಸಬಾರದು. ಸ್ಥಳದಲ್ಲಿ ಕಾಣುವ ಲಕ್ಷಣಗಳು ಮುನ್ಸೂಚನೆಗಿಂತಲೂ ಹೆಚ್ಚು ಬೆಲೆಯುಳ್ಳವು: ಅಕ್ಕಪಕ್ಕದಲ್ಲಿ ಹೊಸದಾಗಿ ಆಗಿರುವ ಕುಸಿತ, ಯಂತ್ರದ ಮುಂದೆ ಓಡುವ ಬಿರುಕು, ಎಂಜಿನ್ ನಿಲ್ಲಿಸಿ ಇಳಿದಾಗ ಹಿಮ ಒಳಗೊಳಗೇ ‘ಧುಮ್’ ಎಂದು ಕುಗ್ಗುವ ಸದ್ದು, ಹಿಂದಿನ 48 ಗಂಟೆಗಳಲ್ಲಿ ಬಿದ್ದ 30 ಸೆಂಟಿಮೀಟರ್ ಅಥವಾ ಹೆಚ್ಚಿನ ಹಿಮ, ಏಕಾಏಕಿ ಏರಿದ ತಾಪಮಾನ.

ಹಿಮದ ಪದರಗಳನ್ನು ಓದುವುದಕ್ಕೆ ವರ್ಷಗಳ ಅಭ್ಯಾಸ ಬೇಕು. ಇಳಿಜಾರಿನ ಕೋನವನ್ನು ಅಳೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಬಹುತೇಕ ಹಿಮಕುಸಿತಗಳು 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿ ಆರಂಭವಾಗುತ್ತವೆ. ಹಾಗಾಗಿ ಅನುಮಾನವಿರುವ ದಿನ 30 ಡಿಗ್ರಿಗಿಂತ ಕಡಿಮೆ ಇರುವ ನೆಲದಲ್ಲಿಯೇ ಆಡುವುದು ಹೊಸಬರಿಗೆ ಇರುವ ಅತ್ಯಂತ ಬಲವಾದ ರಕ್ಷಣೆ. ಆದರೆ ತಾವು ನಿಂತಿರುವ ಜಾಗದ ಕೋನವನ್ನಷ್ಟೇ ಅಳೆದರೆ ಸಾಲದು. ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ, ಕೆಳಗಿನ ಚಪ್ಪಟೆ ನೆಲದಲ್ಲಿ ಓಡಿಸುವವನ ಭಾರಕ್ಕೂ ದುರ್ಬಲ ಪದರ ಒಡೆದು, ಆ ಬಿರುಕು ಮೇಲಕ್ಕೆ ಹರಿದು, ಇಡೀ ಹಿಮರಾಶಿ ಅವನ ಮೇಲೆಯೇ ಬರಬಹುದು.

ಸವಾರಿಯ ಶಿಸ್ತು ಎಷ್ಟು ಮುಖ್ಯವೆಂಬುದನ್ನು ಎರಡು ದುರಂತಗಳು ತೋರಿಸಿವೆ. 2008ರ ಡಿಸೆಂಬರ್ 28ರಂದು ಇದೇ ಪ್ರಾಂತದ ಫರ್ನಿ ಬಳಿಯ ಹಾರ್ವಿ ಪಾಸ್‌ನಲ್ಲಿ ಮೊದಲ ಕುಸಿತದಲ್ಲಿ ಹೂತವರನ್ನು ಅಗೆದು ತೆಗೆಯುತ್ತಿದ್ದವರ ಮೇಲೆ ಮತ್ತೊಂದು ಕುಸಿತ ಬಿದ್ದು, ಹನ್ನೊಂದು ಸವಾರರಲ್ಲಿ ಎಂಟು ಮಂದಿ ಸತ್ತರು. 2010ರ ಮಾರ್ಚ್ 13ರಂದು ಬೋಲ್ಡರ್ ಮೌಂಟನ್‌ನಲ್ಲಿ, ಯಾರು ಎಷ್ಟು ಎತ್ತರಕ್ಕೆ ಹತ್ತುತ್ತಾರೆಂದು ನೋಡಲು ಜನ ಇಳಿಜಾರಿನ ಬುಡದಲ್ಲಿ ನೆರೆದಿದ್ದಾಗ ಹಿಮ ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು, ಸುಮಾರು 30 ಮಂದಿ ಗಾಯಗೊಂಡರು. ಆದ್ದರಿಂದ ಕಡಿದಾದ ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬನೇ ಇರಬೇಕು. ಉಳಿದವರು ಹಿಮ ತಲುಪದ ಜಾಗದಲ್ಲಿ, ಯಂತ್ರದ ಮೂತಿಯನ್ನು ಹೊರದಾರಿಯ ಕಡೆಗೆ ತಿರುಗಿಸಿ, ಮೇಲಿರುವವನ ಮೇಲೆ ಕಣ್ಣಿಟ್ಟು ಕಾಯಬೇಕು. ಗೆಳೆಯನ ಯಂತ್ರ ಇಳಿಜಾರಿನ ನಡುವೆ ಹೂತುಕೊಂಡಾಗ ಸಹಾಯಕ್ಕೆ ಧಾವಿಸುವುದು ಸ್ನೇಹದ ಸಹಜ ಪ್ರವೃತ್ತಿಯೇ ಆದರೂ, ಎರಡನೆಯ ಯಂತ್ರದ ಭಾರವೇ ಕುಸಿತಕ್ಕೆ ಕಾರಣವಾಗಬಹುದು. ಅವನೊಬ್ಬನೇ ಅಗೆದುಕೊಂಡು ಬರಲಿ.

ಸಲಕರಣೆಗಳಲ್ಲಿ ಬೀಕನ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳುಹಿಸುವ ಮತ್ತು ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಮಡಿಸುವ ಉದ್ದ ಕೋಲು) ಮತ್ತು ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲೇಬೇಕು. ಬೀಕನ್ ಜಾಕೆಟ್ಟಿನ ಒಳಗೆ ಮೈಗೆ ಕಟ್ಟಿಕೊಂಡಿರಬೇಕು. ಪ್ರೋಬ್ ಮತ್ತು ಸಲಿಕೆ ಬೆನ್ನುಚೀಲದಲ್ಲಿರಬೇಕು. ಅವುಗಳನ್ನು ಸ್ನೋಮೊಬೈಲಿಗೆ ಕಟ್ಟಿದರೆ, ಯಂತ್ರ ಹಿಮದಡಿ ಹೋದಾಗ ಅವೂ ಹೋಗುತ್ತವೆ. ಫೋನ್, ರೇಡಿಯೊ, ಬಿಸಿಯಾಗುವ ಕೈಗವಸುಗಳಂಥ ವಿದ್ಯುತ್ ಉಪಕರಣಗಳು ಬೀಕನ್ನಿನ ಸಂಕೇತವನ್ನು ಕೆಡಿಸುವುದರಿಂದ ಅವುಗಳನ್ನು ಸಾಮಾನ್ಯವಾಗಿ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಬೇಕು. ಕುಸಿತದಲ್ಲಿ ಸಿಕ್ಕಾಗ ಗಾಳಿ ತುಂಬಿಕೊಂಡು ಸವಾರನನ್ನು ಹಿಮದ ಮೇಲ್ಭಾಗದಲ್ಲಿ ಉಳಿಸಲು ನೆರವಾಗುವ ಏರ್‌ಬ್ಯಾಗ್ ಚೀಲ ದುಬಾರಿಯಾದರೂ ಕೊಳ್ಳತಕ್ಕದ್ದು. ಸ್ನೋಮೊಬೈಲ್ ಸವಾರರಿಗೆಂದೇ ನಡೆಸುವ ಹಿಮಕುಸಿತ ತರಬೇತಿಯ ಮೊದಲ ಹಂತ ಸಾಮಾನ್ಯವಾಗಿ ಎರಡು ದಿನಗಳದ್ದಾಗಿದ್ದು, ಏರ್‌ಬ್ಯಾಗಿಗಿಂತ ಮೊದಲು ಹಣವನ್ನು ಅದಕ್ಕೆ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಕುಸಿತದಲ್ಲಿ ಹೂತವರ ವಿಷಯದಲ್ಲಿ ಕನ್ನಡಿಗರ ಮನಸ್ಸಿನಲ್ಲಿ 2016ರ ಫೆಬ್ರವರಿಯ ಸಿಯಾಚಿನ್ ಘಟನೆ ಉಳಿದಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿ, ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಅಪರೂಪದಲ್ಲಿ ಅಪರೂಪದ ಪ್ರಕರಣವೆಂಬುದನ್ನು ಮರೆಯಬಾರದು. ಸಾಮಾನ್ಯವಾಗಿ ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಕಡಿದಾಗಿ ಕುಸಿಯುತ್ತದೆ. ಹೊರಗಿನ ಸಹಾಯ ಅಷ್ಟರೊಳಗೆ ಬರಲಾರದು, ಜೊತೆಗಿರುವವರೇ ಹೊರತೆಗೆಯಬೇಕು.

ಹಾಗಾದಾಗ ಮೊದಲು ಮತ್ತೊಂದು ಕುಸಿತದ ಭಯವಿದೆಯೇ ಎಂದು ಮೇಲೆ ನೋಡಿ, ಎಂಜಿನ್‌ಗಳನ್ನೆಲ್ಲ ನಿಲ್ಲಿಸಿ, ಒಬ್ಬರು ಮುಂದಾಳಾಗಿ ನಿಂತು, ಎಲ್ಲರ ಬೀಕನ್ನುಗಳನ್ನೂ ಹುಡುಕುವ ಸ್ಥಿತಿಗೆ ಬದಲಾಯಿಸಬೇಕು. ಹೂತವನು ಕೊನೆಯದಾಗಿ ಕಂಡ ಜಾಗದಿಂದ ಕೆಳಕ್ಕೆ ಹುಡುಕುತ್ತ, ಬೀಕನ್ ತೋರಿಸುವ ದೂರದ ಅಂಕಿ ಅತಿ ಕಡಿಮೆಯಾದಲ್ಲಿ ಪ್ರೋಬನ್ನು ಸುಮಾರು 25 ಸೆಂಟಿಮೀಟರಿಗೊಂದರಂತೆ ಸುರುಳಿಯಾಗಿ ಚುಚ್ಚಬೇಕು. ಮೈ ತಗುಲಿದೊಡನೆ ಪ್ರೋಬನ್ನು ಅಲ್ಲಿಯೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಡ್ಡಲಾಗಿ ಅಗೆದು ಬಾಯಿ ಮೂಗನ್ನು ತೆರವುಗೊಳಿಸಬೇಕು. ಕೈಗಳು ಹೆಚ್ಚಿದ್ದರೆ ಒಬ್ಬರು ಉಪಗ್ರಹ ಸಾಧನದಿಂದ ಕೂಡಲೇ ಕರೆ ನೀಡಬೇಕು, ಏಕೆಂದರೆ ಬೆಟ್ಟದ ಮೇಲೆ ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಈ ಪ್ರಾಂತದಲ್ಲಿ ಶೋಧ ಮತ್ತು ರಕ್ಷಣೆಯನ್ನು ಸ್ವಯಂಸೇವಕ ತಂಡಗಳು ನಡೆಸುತ್ತವೆ ಮತ್ತು ಅದಕ್ಕೆ ಹಣ ಕೇಳುವುದಿಲ್ಲವಾದ್ದರಿಂದ, ಖರ್ಚಿಗೆ ಹೆದರಿ ಕರೆಯನ್ನು ತಡಮಾಡುವ ಅಗತ್ಯವಿಲ್ಲ.