ಸಮವಸ್ತ್ರದ ದಪ್ಪ ಹೊಲಿಗೆಯಲ್ಲಿ ಸೂಜಿ ಮುರಿಯುವುದು ನಿಂತದ್ದು ಹೀಗೆ

ಕಾರ್ಖಾನೆಯ ಹಳೆಯ ಸಮವಸ್ತ್ರಗಳಿಂದ ನಮ್ಮ ಮಹಿಳಾ ಗುಂಪು ಕೈಚೀಲ ಹೊಲಿಯುತ್ತದೆ. ಪ್ಯಾಂಟಿನ ದಪ್ಪ ಹೊಲಿಗೆ ಅಡ್ಡ ಬಂದ ಕಡೆಯೆಲ್ಲ ಸೂಜಿ ಮುರಿಯುತ್ತಿತ್ತು. ಎಲ್ಲರೂ ಯಂತ್ರವನ್ನೇ ಬೈದರು. ಪಾಪ, ಅದರ ತಪ್ಪೇನೂ ಇರಲಿಲ್ಲ. ಉಬ್ಬನ್ನು ಏರುವಾಗ ಬಟ್ಟೆಯನ್ನು ಒತ್ತಿಹಿಡಿಯುವ ಪಾದದ ಮುಂಭಾಗ ಮೇಲೆದ್ದು ವಾಲುತ್ತದೆ, ಸೂಜಿ ಬಾಗಿ ಕೆಳಗಿನ ತಗಡಿಗೆ ಬಡಿಯುತ್ತದೆ. ಪದರಗಳು ಕೂಡುವ ಜಾಗವನ್ನು ಮೊದಲು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದೆವು. ಪಾದದ ಹಿಂಬದಿಗೆ ಅಷ್ಟೇ ದಪ್ಪಕ್ಕೆ ಮಡಿಸಿದ ಬಟ್ಟೆಯ ಚೂರು ಕೊಟ್ಟಾಗ ಮಟ್ಟ ಸರಿಹೋಯಿತು. ಜೀನ್ಸ್‌ಗೆಂದೇ ಬರುವ 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ತುಸು ಉದ್ದ ಮಾಡಿ, ಉಬ್ಬಿನ ಮೇಲೆ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತೇವೆ. ಈಗ ಸೂಜಿ ಮುರಿಯುವುದಿಲ್ಲ.

ಕಸೂತಿಯ ಲಾಂಛನದ್ದು ಬೇರೆ ತಲೆನೋವು. ಹಿಂಬದಿಯಿಂದ ದಾರ ಕತ್ತರಿಸಿ ಬಿಚ್ಚಿದರೂ ಅದರಡಿಯ ಮಾಸದ ಬಣ್ಣ ಎದ್ದು ಕಾಣುತ್ತದೆ. ಅಲ್ಲಿಗೆ ಅಂಗಿಯದೇ ಜೇಬು ಕೂರಿಸುತ್ತೇವೆ.